ಚಪ್ಪಲಿ ಅದೇ, ಕಾಲು ಬೇರೆ

ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಒಂದು ಸಣ್ಣ ಘಟನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ರಾಜ್ಯೋತ್ಸವದ ದಿನ ಎಲ್ಲರೂ ಸಾಂಪ್ರದಾಯಿಕ ಉಡುಪಿನಲ್ಲಿ ಬರಬೇಕು ಅಂತ ತೀರ್ಮಾನ ಆಯ್ತು. ನಾನು ಬಿಳಿ ಅಂಗಿ, ಧೋತರ, ಊರಿಂದ ತಂದ ಹೊಸ ಕೊಲ್ಹಾಪುರಿ ಚಪ್ಪಲಿ ಹಾಕ್ಕೊಂಡು ಹೋದೆ. ನಮ್ಮ ಸೆಕ್ಷನ್ನಿನ ಇನ್ನೊಬ್ಬರೂ ಕೊಲ್ಹಾಪುರಿ ಹಾಕಿದ್ದರು. ಅದನ್ನೂ ನಾನೇ ತಂದುಕೊಟ್ಟಿದ್ದು, ಎರಡೂ ಒಂದೇ ಮನೆಯವರು ಹೊಲಿದ ಜೋಡು. ಸಾಹೇಬರು ಅವರ ಕಾಲು ನೋಡಿ, "ಏನ್ರೀ, ಒಳ್ಳೆ ಟೇಸ್ಟ್ ನಿಮ್ದು" ಅಂದ್ರು. ನನ್ನ ಕಾಲು ನೋಡಿ, "ಇವರದ್ ಬಿಡ್ರಿ, ಮನೆ ಸಾಮಾನು" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗುಮಾಸ್ತನಿಗೆ ನಗೋದೂ ಒಂದು ಡ್ಯೂಟಿ.

ಒಂದೇ ತೊಗಲು, ಒಂದೇ ಹೊಲಿಗೆ. ಕಾಲು ಬದಲಾದ ಕೂಡಲೇ ಅಭಿಪ್ರಾಯ ಬದಲಾಯ್ತು. ಅವರ ಕಾಲಲ್ಲಿ ಅದು ಅಭಿರುಚಿ, ನನ್ನ ಕಾಲಲ್ಲಿ ಜಾತಿ.

ಈ ಮಾತು ನನಗೆ ಮತ್ತೆ ನೆನಪಾಗಿದ್ದು 2025ರ ಜೂನ್‌ನಲ್ಲಿ. ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಗಂಡಸರ ಬಟ್ಟೆಗಳ ಶೋ ಮಾಡ್ತು. ಮಾಡೆಲ್ ಹುಡುಗರ ಕಾಲಲ್ಲಿ ಥೇಟ್ ನಮ್ಮ ಕೊಲ್ಹಾಪುರಿ. ಕಂಪನಿ ಕೊಟ್ಟ ವಿವರದಲ್ಲಿ ಬರೀ 'ಚರ್ಮದ ಸ್ಯಾಂಡಲ್' ಅಂತ ಇತ್ತು. ಊರಿಲ್ಲ, ಹೆಸರಿಲ್ಲ. ನನ್ನ ಮಗಳು ಮೊಬೈಲ್ ತಂದು ಮುಖದ ಮುಂದೆ ಹಿಡಿದಳು. "ಪಪ್ಪಾ, ಇದು ಮುತ್ಯಾ ಹೊಲೀತಿದ್ದ ಚಪ್ಪಲಿ ಅಲ್ಲೇನು?"

ಹೌದವ್ವಾ, ಅದೇ.

ಆಮೇಲಿನ ಗದ್ದಲ ನಿಮಗೆಲ್ಲ ಗೊತ್ತು. ಭಾರತದಲ್ಲಿ ಸಿಟ್ಟು ಬಂತು, ಪ್ರಾಡಾ ಒಪ್ಪಿಕೊಂಡಿತು, ಡಿಸೆಂಬರ್‌ನಲ್ಲಿ ಒಪ್ಪಂದವೂ ಆಯ್ತು. ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಕರ್ನಾಟಕದ ಲಿಡ್ಕರ್ ಜೊತೆ ಸೇರಿ 2,000 ಜೋಡು ಮಾಡಿಸೋದು, ಜೋಡಿಗೆ ಸುಮಾರು 800 ಯೂರೋ ಬೆಲೆ ಅಂತ ಸುದ್ದಿ ಬಂತು. ಹೆಸರು ಕದ್ದದ್ದರ ಬಗ್ಗೆ, ಬೆಲೆ ಬಗ್ಗೆ ಎಲ್ಲರೂ ಬರೆದಾಗಿದೆ. ನಾನು ಬರೆಯಬೇಕು ಅಂತಿರೋದು ಇನ್ನೊಂದು ವಿಷಯ. ಚಪ್ಪಲಿಗೆ ಆ ಬೆಲೆ ಬಂದದ್ದು ಹೇಗೆ? ತೊಗಲು ಬದಲಾಗಲಿಲ್ಲ. ಬದಲಾಗಿದ್ದು ಅದನ್ನು ಹಾಕ್ಕೊಂಡು ನಡೆದ ಕಾಲು. ಆ ಕಾಲನ್ನು ಯಾರೋ ಕೂತು ಆರಿಸಿದ್ದಾರೆ.

ಆರಿಸುವ ಈ ಕೆಲಸಕ್ಕೆ ಫ್ಯಾಷನ್ ಲೋಕದಲ್ಲಿ ಕ್ಯಾಸ್ಟಿಂಗ್ ಅಂತಾರೆ. ಅದಕ್ಕೇ ಸಂಬಳ ತಗೊಳ್ಳೋ ಕ್ಯಾಸ್ಟಿಂಗ್ ಡೈರೆಕ್ಟರುಗಳಿದ್ದಾರೆ. ಹುಡುಗ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ನಡೆಸಿ ನೋಡಿ, ಫೋಟೋ ತೆಗೆದು, ಬೇಕಾದವರನ್ನು ಇಟ್ಕೊಂಡು ಉಳಿದವರನ್ನು ವಾಪಸ್ ಕಳಿಸ್ತಾರೆ. ಶೋ ಶುರು ಮಾಡೋರು ಯಾರು, ಕೊನೆಗೆ ಬರೋರು ಯಾರು ಅನ್ನೋದಕ್ಕೆ ಬಹಳ ಬೆಲೆ. ಇದನ್ನ ಗೆಳೆಯನೊಬ್ಬನಿಗೆ ಹೇಳಿದ್ರೆ, "ಕ್ಯಾಸ್ಟಿಂಗ್ ಅಂದ್ರೆ ಕ್ಯಾಸ್ಟ್ ನೋಡಿ ಆರಿಸೋದೇನಣ್ಣ?" ಅಂದ. ತಮಾಷೆಗೆ ಅಂದಿದ್ದ. ನಾನು ಮಾತ್ರ ಅದನ್ನ ತಲೆಯಿಂದ ತೆಗೆಯೋಕೆ ಆಗಲಿಲ್ಲ.

ನೀವು ಕೇಳಬಹುದು. ಪೌರಕಾರ್ಮಿಕರು ಮ್ಯಾನ್‌ಹೋಲಿನಲ್ಲಿ ಸಾಯೋದು ನಿಂತಿಲ್ಲ, ಇವನಿಗೆ ಫ್ಯಾಷನ್ ಶೋ ಚಿಂತೆ. ಸರಿಯಾದ ಪ್ರಶ್ನೆ. ಆದರೆ 2023ರಲ್ಲಿ ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ ಒಬ್ಬ ದಲಿತ ಯುವಕ ಒಳ್ಳೆ ಬಟ್ಟೆ, ಕೂಲಿಂಗ್ ಗ್ಲಾಸ್ ಹಾಕಿದ ಅಂತ ಹೊಡೆದರಲ್ಲ, ಅವನು ಹಾಕಿದ್ದು ಎಲ್ಲರೂ ಹಾಕೋ ಬಟ್ಟೆ. ಅದೇ ಬಟ್ಟೆ ಬೇರೆಯವನ ಮೈಮೇಲಿದ್ದರೆ ಮದುವೆ ಮನೆಯಲ್ಲಿ ಮುಂದೆ ಕರೆದು ಕೂರಿಸ್ತಿದ್ದರು. ಬಾಬಾಸಾಹೇಬರ ಕೋಟನ್ನೇ ನೋಡಿ. ಆ ಕಾಲದಲ್ಲಿ ವಿದೇಶಕ್ಕೆ ಹೋಗಿಬಂದ ಬ್ಯಾರಿಸ್ಟರುಗಳೆಲ್ಲ ಕೋಟು ಹಾಕಿದವರೇ. ಅವರ ಮೈಮೇಲೆ ಅದು ವಕೀಲಿಕೆಯ ಬಟ್ಟೆ. ಬಾಬಾಸಾಹೇಬರ ಮೈಮೇಲೆ ಅದೇ ಕೋಟು ಒಂದು ಹೇಳಿಕೆ ಆಯ್ತು. ಇವತ್ತಿಗೂ ಊರೂರಲ್ಲಿ ಆ ನೀಲಿ ಕೋಟಿನ ಪ್ರತಿಮೆ ಕಂಡರೆ ಕೆಲವರ ಕೈ ಕಲ್ಲಿಗೆ ಹೋಗುತ್ತೆ. ಬಟ್ಟೆಗೆ ಅರ್ಥ ಕೊಡೋದು ಮೈ ಅನ್ನೋದು ನಮಗೆ ಪ್ಯಾರಿಸ್ಸಿನವರು ಕಲಿಸಬೇಕಾಗಿಲ್ಲ. ಆದರೆ ಪ್ಯಾರಿಸ್ಸಿನಲ್ಲಿ ಆ ಅರ್ಥವನ್ನು ಲೆಕ್ಕ ಹಾಕಿ ತಯಾರು ಮಾಡ್ತಾರೆ. ಅದಕ್ಕೇ ಅದನ್ನ ನೋಡಬೇಕು.

ಒಂದು ಹಳೇ ಕಥೆ ಹೇಳ್ತೀನಿ. 1973ರ ನವೆಂಬರ್ 28. ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ರಿಪೇರಿಗೆ ಹಣ ಕೂಡಿಸೋಕೆ ಒಂದು ಶೋ. ಒಂದು ಕಡೆ ಫ್ರಾನ್ಸಿನ ಐದು ಜನ ಘಟಾನುಘಟಿಗಳು, ಈವ್ ಸಾಂ ಲೊರಾಂ, ಪಿಯರ್ ಕಾರ್ಡಾಂ ಅಂಥವರು. ಇನ್ನೊಂದು ಕಡೆ ಅಮೆರಿಕದ ಐದು ಜನ. ಅಮೆರಿಕದವರನ್ನ ಆಗ ಫ್ಯಾಷನ್ ಲೋಕ ಲೆಕ್ಕಕ್ಕೇ ಇಟ್ಟಿರಲಿಲ್ಲ. ದಿನಬಳಕೆ ಬಟ್ಟೆ ಹೊಲಿಯೋರು ಅನ್ನೋ ಸಸಾರ. ಫ್ರೆಂಚರ ವೇದಿಕೆಯಲ್ಲಿ ರಾಕೆಟ್ಟು, ಕುಂಬಳಕಾಯಿ ಸಾರೋಟು, ಎದುರಿಗೆ ವಾದ್ಯಗೋಷ್ಠಿ. ಅಮೆರಿಕದವರ ಹಿಂಪರದೆ ಮೀಟರು-ಅಡಿ ಲೆಕ್ಕ ತಪ್ಪಿ ವೇದಿಕೆಗೆ ಸರಿಹೊಂದದೇ ಹೋಯ್ತು. ಅವರ ಹತ್ತಿರ ಉಳಿದದ್ದು ಸರಳ ಬಟ್ಟೆ, ಸಂಗೀತ, ಮತ್ತು ಮಾಡೆಲ್‌ಗಳು. ಆ ಮಾಡೆಲ್‌ಗಳಲ್ಲಿ ಹತ್ತರಷ್ಟು ಮಂದಿ ಕಪ್ಪು ಹೆಣ್ಮಕ್ಕಳು. ಪ್ಯಾಟ್ ಕ್ಲೀವ್‌ಲ್ಯಾಂಡ್, ಬಿಲ್ಲಿ ಬ್ಲೇರ್, ಬೆಥಾನ್ ಹಾರ್ಡಿಸನ್. ಅಷ್ಟೊಂದು ಕಪ್ಪು ಮೈಗಳು ಆ ಅರಮನೆಯ ವೇದಿಕೆ ಮೇಲೆ ಆವತ್ತಿಗೆ ಹೊಸದು. ಅವರು ಗೊಂಬೆ ಹಾಗೆ ನಿಲ್ಲಲಿಲ್ಲ. ಹಾಡಿಗೆ ತಕ್ಕ ಹಾಗೆ ಮೈ ಕುಣಿಸಿ, ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ನಡೆದರು. ಶೋ ಮುಗಿದಾಗ ಸಭೆ ಎದ್ದು ನಿಂತು ಕೈಲಿದ್ದ ಹಾಳೆಗಳನ್ನ ಗಾಳಿಗೆ ತೂರಿತು. ಅಮೆರಿಕದ ಬಟ್ಟೆಗೆ ಮರ್ಯಾದೆ ಸಿಕ್ಕಿದ ರಾತ್ರಿ ಅಂತ ಅದನ್ನ ಇವತ್ತಿಗೂ ಹೇಳ್ತಾರೆ.

ಮರ್ಯಾದೆ ಸಿಕ್ಕಿದ್ದು ಬಟ್ಟೆಗೆ. ಡಿಸೈನರುಗಳಿಗೆ. ಆ ಹೆಣ್ಮಕ್ಕಳಿಗೆ?

ಇದೇ ಪ್ರಾಡಾ ಲೆಕ್ಕ ನೋಡಿ. 1997ರಲ್ಲಿ ನವೋಮಿ ಕ್ಯಾಂಪ್‌ಬೆಲ್ ಪ್ರಾಡಾ ಶೋ ಶುರು ಮಾಡಿದಳು. ಅಲ್ಲಿಂದ ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ರ‍್ಯಾಂಪಿನ ಮೇಲೆ ಕಪ್ಪು ಮಾಡೆಲ್ ಇಲ್ಲ, 2008ರಲ್ಲಿ ಜೋರ್ಡನ್ ಡನ್ ಬರೋವರೆಗೆ. ಮತ್ತೆ ಒಬ್ಬ ಕಪ್ಪು ಹುಡುಗಿ ಶೋ ಶುರು ಮಾಡೋಕೆ 2018 ಬರಬೇಕಾಯ್ತು, ಅನೋಕ್ ಯಾಯ್ ಅನ್ನೋ ದಕ್ಷಿಣ ಸುಡಾನ್ ಮೂಲದ ಹುಡುಗಿ. ಒಂದು ಆರಂಭಕ್ಕೂ ಇನ್ನೊಂದು ಆರಂಭಕ್ಕೂ ನಡುವೆ ಇಪ್ಪತ್ತು ವರ್ಷದ ಅಂತರ.

ಆ ವರ್ಷಗಳಲ್ಲಿ ದೊಡ್ಡ ಶೋಗಳಲ್ಲಿ ಒಂದು ಪದ್ಧತಿ ಗಟ್ಟಿಯಾಯ್ತು. ಒಂದೇ ಎತ್ತರ, ಒಂದೇ ಸಣಕಲು, ಒಂದೇ ಬಿಳಿಚು ಮುಖದ ಹುಡುಗಿಯರನ್ನ ಸಾಲಾಗಿ ನಡೆಸೋದು. ಅದಕ್ಕೆ ಕೊಡ್ತಿದ್ದ ಕಾರಣ: ಜನ ಬಟ್ಟೆ ನೋಡಬೇಕು, ಹುಡುಗಿಯನ್ನಲ್ಲ. ಮಾಡೆಲ್ ಅಂದ್ರೆ ಬಟ್ಟೆ ತೂಗುಹಾಕೋ ಹ್ಯಾಂಗರ್ ಇದ್ದ ಹಾಗೆ, ಮುಖ ಕಣ್ಣಿಗೆ ಹೊಡೀಬಾರದು.

ಇದನ್ನ ಓದಿದಾಗ ನನಗೆ ನಮ್ಮ ಕಚೇರಿಗಳ ರೋಸ್ಟರ್ ಪುಸ್ತಕ ನೆನಪಾಯ್ತು. ಅಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಅಂತ ನಮಗೆಲ್ಲ ಗುರುತು ಇರುತ್ತೆ. ಉಳಿದವರು 'ಜನರಲ್'. ಅಂದ್ರೆ ಅವರಿಗೆ ಜಾತಿಯೇ ಇಲ್ಲ, ಬರೀ ಪ್ರತಿಭೆ. ರ‍್ಯಾಂಪಿನ ಮೇಲೆ ಬಿಳಿ ಮೈ ಅನ್ನೋದು ಜನರಲ್ ಕೆಟಗರಿ. ಅದರ ಮೇಲೆ ಕಪ್ಪು ಕೋಟು ಹಾಕಿದರೆ ವಿಮರ್ಶಕ 'ಶುದ್ಧ', 'ಸರಳ', 'ಕಾಲಾತೀತ' ಅಂತ ಬರೀತಾನೆ. ಅದೇ ಕೋಟು ಕಪ್ಪು ಹುಡುಗಿ ಮೈಮೇಲೆ ಬಂದರೆ ಅದಕ್ಕೊಂದು ವಿಷಯ ಬೇಕು. ಆಫ್ರಿಕಾ ಅನ್ನಬೇಕು, ಕಾಡು ಅನ್ನಬೇಕು, ಚಿರತೆ ಚುಕ್ಕಿ ಇರಬೇಕು. ಅವಳಿಗೆ ಮೀಸಲಿಟ್ಟ ಬಟ್ಟೆ ಬಂದಾಗ ಅವಳಿಗೆ ಕರೆ. ಅವಳು ಬಂದರೆ ಕಲೆಕ್ಷನ್ 'ಧೈರ್ಯದ್ದು', ಬರದಿದ್ದರೆ 'ಸಹಜವಾದದ್ದು'. ಒಂದು ಇಡೀ ಬಣ್ಣದ ಜನ ಇಲ್ಲದಿರೋದು ಹೇಗೆ ಸಹಜ ಆಗುತ್ತೆ ಅಂತ ವರ್ಷಗಟ್ಟಲೆ ಮುಂದಿನ ಸಾಲಲ್ಲಿ ಕೂತವರು ಕೇಳಲಿಲ್ಲ.

ಕೇಳಿದ್ದು ಯಾರು ಗೊತ್ತಾ? 1973ರಲ್ಲಿ ವರ್ಸೇಲ್ಸಿನಲ್ಲಿ ನಡೆದಿದ್ದ ಅದೇ ಬೆಥಾನ್ ಹಾರ್ಡಿಸನ್. ನಲವತ್ತು ವರ್ಷ ಆದಮೇಲೆ, 2013ರಲ್ಲಿ, ನವೋಮಿ ಕ್ಯಾಂಪ್‌ಬೆಲ್ ಮತ್ತು ಇಮಾನ್ ಜೊತೆ ನಿಂತು ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ನಾಲ್ಕೂ ಕಡೆಯ ಫ್ಯಾಷನ್ ಸಂಸ್ಥೆಗಳಿಗೆ ಬಹಿರಂಗ ಪತ್ರ ಬರೆದಳು. ಒಬ್ಬರನ್ನೂ ಅಥವಾ ಒಬ್ಬರಿಗಿಂತ ಹೆಚ್ಚು ಕಪ್ಪು ಮಾಡೆಲ್‌ಗಳನ್ನು ಬಳಸದ ಡಿಸೈನರುಗಳ ಹೆಸರು ಹಿಡಿದು ಪಟ್ಟಿ ಕೊಟ್ಟಳು. ನಿಮ್ಮ ಉದ್ದೇಶ ಏನೇ ಇರಲಿ, ಫಲ ಮಾತ್ರ ಜನಾಂಗಭೇದವೇ ಅನ್ನೋದು ಆ ಪತ್ರದ ತಿರುಳು. ಈ ಮಾತನ್ನ ನಾವು ಗಟ್ಟಿಯಾಗಿ ಹಿಡ್ಕೋಬೇಕು. "ನನಗೆ ಜಾತಿ ಭಾವನೆ ಇಲ್ಲಪ್ಪ" ಅನ್ನೋರ ಮನೆಯಲ್ಲಿ, ಅವರ ಸೆಮಿನಾರ್ ವೇದಿಕೆಯಲ್ಲಿ, ಪತ್ರಿಕೆಯ ಸಂಪಾದಕೀಯ ಕೋಣೆಯಲ್ಲಿ ಯಾರಿದ್ದಾರೆ ಅಂತ ಎಣಿಸಿದರೆ ಸಾಕು. ಮನಸ್ಸು ಬಗೆದು ನೋಡೋ ಅಗತ್ಯ ಇಲ್ಲ. ಹಾರ್ಡಿಸನ್ ಮಾಡಿದ್ದು ಅದೇ, ಎಣಿಸಿದಳು.

ಅದೇ ತಿಂಗಳು ಪ್ಯಾರಿಸ್ಸಿನಲ್ಲಿ ರಿಕ್ ಓವೆನ್ಸ್ ಅನ್ನೋ ಡಿಸೈನರ್ ಮಾಡೆಲ್‌ಗಳನ್ನೇ ಬಿಟ್ಟು, ಅಮೆರಿಕದ ಸ್ಟೆಪ್ ಕುಣಿತದ ತಂಡಗಳನ್ನ ಕರೆಸಿದ. ಹೆಚ್ಚಿನವರು ಕಪ್ಪು ಹೆಣ್ಮಕ್ಕಳು, ದಪ್ಪ, ತೆಳು ಎಲ್ಲ ಥರದ ಮೈ. ನೆಲ ನಡುಗೋ ಹಾಗೆ ಕಾಲು ಬಡಿದು, ಮುಖ ಗಂಟಿಕ್ಕಿ ಕುಣಿದರು. ಆ ಕಲೆಕ್ಷನ್ ಬಗ್ಗೆ ಬಂದ ಮಾತೆಲ್ಲ ಆ ಮೈಗಳ ಬಗ್ಗೆಯೇ. ಬಟ್ಟೆ ಹೇಗಿತ್ತು ಅಂತ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ. ನನಗಂತೂ ಆ ವಿಡಿಯೋ ನೋಡಿ ಮೈ ಜುಮ್ ಅಂತು, ನಮ್ಮ ಹಲಗೆ ಮೇಳ ನೋಡಿದ ಹಾಗೆ. ಹಾಗಂತ ಒಂದು ಅನುಮಾನವನ್ನೂ ಪಕ್ಕಕ್ಕಿಡೋಕೆ ಆಗಲ್ಲ. ಜಾತ್ರೆಯಲ್ಲಿ ಹಲಗೆ ಬಡಿಯೋಕೆ ನಾವು ಬೇಕು, ಗುಡಿಯೊಳಗೆ ಬೇಡ. ಕೆರಳಿದ ಮುಖ ಬೇಕಾದಾಗ ಮಾತ್ರ ಕಪ್ಪು ಮೈ ಕರೆಯೋದೂ ಒಂದು ಥರದ ಹಲಗೆ ಕೆಲಸ ಆಗಬಹುದು.

ಇದಕ್ಕೆ ತಿರುವುಮುರುವಾದ ಉದಾಹರಣೆ 2000ದ ಜನವರಿಯದ್ದು. ಡಿಯೋರ್ ಕಂಪನಿಗೆ ಆಗ ಜಾನ್ ಗಲ್ಲಿಯಾನೋ ಡಿಸೈನರ್. ಪ್ಯಾರಿಸ್ಸಿನ ಸೀನ್ ನದಿ ದಂಡೆಯಲ್ಲಿ ಮಲಗೋ ನಿರಾಶ್ರಿತರನ್ನ ನೋಡಿ ಅವನಿಗೆ 'ಸ್ಫೂರ್ತಿ' ಬಂತಂತೆ. ಹರಿದ ಅಂಚು, ಸುತ್ತಿಕೊಂಡ ಚಿಂದಿ, ನ್ಯೂಸ್‌ಪೇಪರ್ ಅಚ್ಚಿನ ಬಟ್ಟೆ, ಸೊಂಟಕ್ಕೆ ನೇತುಬಿದ್ದ ಖಾಲಿ ಬಾಟಲಿ. ಇವನ್ನೆಲ್ಲ ಹೊತ್ತು ನಡೆದದ್ದು ನುಣುಪು ಮೈಯ ಮಾಡೆಲ್‌ಗಳು. ನದಿ ದಂಡೆಯಲ್ಲಿ ಪೊಲೀಸರು ಲಾಠಿಯಿಂದ ಎಬ್ಬಿಸೋ ಬಟ್ಟೆ, ಡಿಯೋರ್ ಹಾಲಿನಲ್ಲಿ ಕಲೆ ಆಯ್ತು. ಕಂಪನಿ ಬಾಗಿಲ ಮುಂದೆ ಪ್ರತಿಭಟನೆಯೂ ನಡೀತು. ಗಲ್ಲಿಯಾನೋ ಕೈಚಳಕವನ್ನ ನಾನು ಅಲ್ಲಗಳೆಯಲ್ಲ. ಆದರೆ ಒಬ್ಬನೇ ಒಬ್ಬ ನಿಜವಾದ ನಿರಾಶ್ರಿತ ಆ ಬಟ್ಟೆ ಹಾಕ್ಕೊಂಡು ಅದೇ ರ‍್ಯಾಂಪಿನ ಮೇಲೆ ಬಂದಿದ್ದರೆ, ಕೂತಿದ್ದವರಿಗೆ ಚಪ್ಪಾಳೆ ತಟ್ಟೋಕೆ ಕೈ ಬರ್ತಿತ್ತಾ? ಬಡತನ ಚೆಂದ ಕಾಣಬೇಕಾದರೆ ಬಡವ ಅಲ್ಲಿರಬಾರದು.

ಈಗ ಮತ್ತೆ ನಮ್ಮ ಚಪ್ಪಲಿಗೆ ಬರ್ತೀನಿ.

ಕೊಲ್ಹಾಪುರಿ ಅನ್ನೋ ಹೆಸರಿದ್ದರೂ ಅದು ಬರೀ ಕೊಲ್ಹಾಪುರದ್ದಲ್ಲ. 2019ರಿಂದ ಅದಕ್ಕೆ ಜಿಐ ಗುರುತು ಇದೆ. ಅದರಡಿ ಎಂಟು ಜಿಲ್ಲೆ ಬರುತ್ತೆ. ನಾಲ್ಕು ಮಹಾರಾಷ್ಟ್ರದವು, ಉಳಿದ ನಾಲ್ಕು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಅಥಣಿ, ನಿಪ್ಪಾಣಿ ಕಡೆ ಓಣಿಗೆ ಓಣಿಯೇ ಇದನ್ನ ನಂಬಿ ಬದುಕಿದೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಕತ್ತರಿಸೋದು ಗಂಡಸರು, ಸಣ್ಣ ಎಳೆ ಹೆಣೆಯೋದು, ತೂತು ಹೊಡೆಯೋದು ಹೆಣ್ಮಕ್ಕಳು. ಆ ವಾಸನೆಗೇ ಜನ ನಮ್ಮ ಓಣಿ ಬಿಟ್ಟು ಸುತ್ತು ಹಾಕ್ಕೊಂಡು ಹೋಗ್ತಿದ್ದರು. ನಮ್ಮಪ್ಪ ಊರಿಗೆಲ್ಲ ಚಪ್ಪಲಿ ಹೊಲಿದವನು, ದೊಡ್ಡ ಓಣಿ ದಾಟುವಾಗ ತನ್ನ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ದಾಟಿದವನು. ತಾನೇ ಹೊಲಿದದ್ದು ತನ್ನ ಕಾಲಿಗೆ ಆಗದ ಊರು ಅದು. ಕಲ್ಯಾಣದ ಸಮಗಾರ ಹರಳಯ್ಯ ತೊಡೆಯ ಚರ್ಮದಿಂದ ಹೊಲಿದ ಚಪ್ಪಲಿಯನ್ನ ಬಸವಣ್ಣ ಕಾಲಿಗೆ ಹಾಕದೆ ತಲೆಮೇಲೆ ಹೊತ್ತ ಕಥೆ ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಕಥೆ ಹೇಳೋರೇ ಅಪ್ಪನ ಕೈಗೆ ಚಪ್ಪಲಿ ಹಿಡಿಸಿದ್ದರು.

ಹಾಗಾಗಿ ಪ್ರಾಡಾ ವಿಷಯದಲ್ಲಿ "ನಮ್ಮ ಸಂಸ್ಕೃತಿ ಕದ್ದರು" ಅಂತ ಸಿಟ್ಟಾದವರ ಪೋಸ್ಟ್ ಓದುವಾಗ ನಾನೂ ಹಾರ್ಡಿಸನ್ ಥರ ಎಣಿಸ್ತಾ ಹೋದೆ. ನನ್ನ ಕಣ್ಣಿಗೆ ಬಿದ್ದ ಪೋಸ್ಟುಗಳಲ್ಲಿ 'ಭಾರತ' ಇತ್ತು, 'ಪರಂಪರೆ' ಇತ್ತು, 'ಕುಶಲಕರ್ಮಿ' ಇತ್ತು. ಸಮಗಾರ ಅನ್ನೋ ಪದ, ಮಾದಿಗ ಅನ್ನೋ ಪದ, ಢೋರ ಅನ್ನೋ ಪದ ಬೆರಳೆಣಿಕೆ. ಮಿಲಾನಿನವರು ಊರ ಹೆಸರು ಅಳಿಸಿದರು, ಇಲ್ಲಿನವರು ಕೇರಿ ಹೆಸರು ಅಳಿಸಿದರು.

ಕ್ಯಾಸ್ಟಿಂಗ್ ಪ್ರಶ್ನೆ ಇರೋದು ಇಲ್ಲೇ. ಇವತ್ತಿನ ಪ್ರಾಡಾ ಶೋಗಳಲ್ಲಿ ಕಪ್ಪು ಹುಡುಗರಿದ್ದಾರೆ, ಏಷ್ಯಾದ ಹುಡುಗರೂ ಇದ್ದಾರೆ. ಬಣ್ಣದ ಲೆಕ್ಕ ಸುಧಾರಿಸಿದೆ, ಅದು ಹೋರಾಡಿದವರ ಗೆಲುವು. ಆದರೆ ದೊಡ್ಡ ಬ್ರ್ಯಾಂಡುಗಳು ತಮ್ಮ 'ಕರಕುಶಲ' ಕೆಲಸ ತೋರಿಸೋ ವಿಡಿಯೋಗಳನ್ನ ಗಮನಿಸಿ ನೋಡಿ. ನಾನು ನೋಡಿದ ಮಟ್ಟಿಗೆ ಮಾಡೋ ಜನ ಕಾಣೋದು ಮೊಣಕೈ ಕೆಳಗೆ. ಸೂಜಿ ಹಿಡಿದ ಬೆರಳು, ತೊಗಲು ಬಡಿಯೋ ಮುಷ್ಟಿ, ಸುಕ್ಕುಗಟ್ಟಿದ ಅಂಗೈ, ಹಿಂದೆ ಮೆಲ್ಲಗೆ ಸಂಗೀತ. ಕ್ಯಾಮೆರಾ ಮೇಲೆ ಹೋಗಲ್ಲ. ಮುಖ ಬರೋದು ಆಮೇಲೆ, ಆ ಮುಖ ಮಾಡೆಲ್‌ದು. ಕೈಯಾಗಿ ಯಾರು ಕಾಣಬೇಕು, ಮುಖವಾಗಿ ಯಾರು ಕಾಣಬೇಕು ಅಂತ ಹಂಚೋದೂ ಕ್ಯಾಸ್ಟಿಂಗೇ. ನಮಗೆ ಈ ಹಂಚಿಕೆ ಹೊಸದಲ್ಲ.

ಡಿಸೆಂಬರ್ 2025ರಲ್ಲೇ ಇನ್ನೊಂದು ಸುದ್ದಿ ಬಂತು. ಶನೆಲ್ ಕಂಪನಿ ನ್ಯೂಯಾರ್ಕಿನ ಒಂದು ಸಬ್‌ವೇ ಸ್ಟೇಷನ್ನಿನಲ್ಲಿ ಮಾಡಿದ ಶೋವನ್ನ ಹೈದರಾಬಾದಿನ ಹುಡುಗಿ ಭವಿತಾ ಮಂಡವ ಶುರು ಮಾಡಿದಳು. ಅಲ್ಲಿ ಓದ್ತಿದ್ದಾಗ ಸಬ್‌ವೇ ಪ್ಲಾಟ್‌ಫಾರ್ಮಿನಲ್ಲೇ ಅವಳನ್ನ ಯಾರೋ ನೋಡಿ ಮಾಡೆಲಿಂಗಿಗೆ ಕರೆದಿದ್ದಂತೆ. ಅವಳು ಹಾಕಿದ್ದು ನೋಡೋಕೆ ಮಾಮೂಲಿ ಜೀನ್ಸ್, ಸ್ವೆಟರ್. ಹೈದರಾಬಾದಿನಲ್ಲಿ ಅವಳ ಅಮ್ಮ ಅಪ್ಪ ಮೊಬೈಲ್ ನೋಡ್ತಾ ಕಣ್ಣೀರು ಹಾಕಿದ ವಿಡಿಯೋ ನೀವೂ ನೋಡಿರ್ತೀರಿ. ಇಲ್ಲಿ ಆ ಕಲೆಕ್ಷನ್ ಬಗ್ಗೆ ಯಾರಾದ್ರೂ ಮಾತಾಡಿದ್ದರೆ ಅವಳ ಕಾರಣಕ್ಕೇ. ಆ ಜೀನ್ಸ್ ಬೇರೆಯವಳು ಹಾಕಿದ್ದರೆ 'ಇದೇನು ಶನೆಲ್ಲಾ' ಅಂತ ಬಿಡ್ತಿದ್ದೆವು. ಅವಳು ಹಾಕಿದಾಗ ಅದು ಮಧ್ಯಮ ವರ್ಗದ ಹುಡುಗಿ ಮೆಟ್ಟಿಲಿಳಿದು ಬಂದ ಕಥೆ ಆಯ್ತು. ನನ್ನ ಮಗಳು ಆ ವಿಡಿಯೋ ಹತ್ತು ಸಲ ನೋಡಿದಳು. ಅವಳದ್ದು ನನ್ನ ಬಣ್ಣ, ಕಪ್ಪು. ಪಿಯುಸಿ ಓದ್ತಾಳೆ. ಕಾಲೇಜಿನ ಫೆಸ್ಟ್‌ನಲ್ಲಿ ರ‍್ಯಾಂಪ್ ವಾಕಿಗೆ ಹೆಸರು ಕೊಟ್ಟಾಗ, "ನೀನು ಬ್ಯಾಕ್‌ಸ್ಟೇಜ್ ನೋಡ್ಕೋ, ನಿನಗೆ ಆರ್ಗನೈಸ್ ಮಾಡೋದು ಚೆನ್ನಾಗಿ ಬರುತ್ತೆ" ಅಂದಿದ್ದರಂತೆ. ಅದನ್ನ ಅವಳು ನನಗೆ ಹೇಳಿದ್ದು ಆ ವಿಡಿಯೋ ನೋಡಿದ ದಿನವೇ, ಅಲ್ಲಿಯವರೆಗೂ ನುಂಗಿಕೊಂಡಿದ್ದಳು.

ಅದಕ್ಕೇ ಒಂದು ಮುಖ ಬದಲಾದರೆ ಏನೂ ಆಗಲ್ಲ ಅನ್ನೋರ ಜೊತೆ ನಾನಿಲ್ಲ. ಆಗುತ್ತೆ. ಒಂದು ಹುಡುಗಿಗೆ ಬಾಯಿ ಬರುತ್ತೆ. ಒಂದು ಮುಖ ಬದಲಾದರೆ ಎಲ್ಲ ಆಯ್ತು ಅನ್ನೋರ ಜೊತೆಗೂ ನಾನಿಲ್ಲ. ವರ್ಸೇಲ್ಸ್ ಆದಮೇಲೆ ನಲವತ್ತು ವರ್ಷಕ್ಕೆ ಮತ್ತೆ ಪತ್ರ ಬರೀಬೇಕಾಯ್ತು ಅನ್ನೋದನ್ನ ಮರೀಬೇಡಿ.

ಹಾಗಾದ್ರೆ ನಾವು ಕೇಳಬೇಕಾದ್ದೇನು? ಆ 2,000 ಜೋಡು ಚಪ್ಪಲಿಯ ಜಾಹೀರಾತು, ಫೋಟೋ, ವಿಡಿಯೋ ಏನೇ ಬರಲಿ, ಅದರಲ್ಲಿ ಯಾರ ಮುಖ ಇದೆ ಅಂತ ನೋಡೋಣ. ಅಥಣಿಯ ಒಬ್ಬ ಹೆಣ್ಮಗಳು ತಾನು ಹೆಣೆದ ಚಪ್ಪಲಿ ತನ್ನ ಕಾಲಿಗೆ ಹಾಕ್ಕೊಂಡು, ತಲೆಯಿಂದ ಪಾದದವರೆಗೆ ಇಡಿಯಾಗಿ ಕಾಣ್ತಾಳಾ, ಇಲ್ಲ ಬೆರಳು ಮಾತ್ರನಾ? ಅವಳಿಗೆ ಮಾಡೆಲ್‌ಗೆ ಕೊಡೋ ಹಾಗೆ ದುಡ್ಡು ಕೊಡ್ತಾರಾ, ಇಲ್ಲ ಫೋಟೋ ತೆಗೆದಿದ್ದೇ ಉಪಕಾರಾನಾ? ಲಿಡ್ಕರ್ ನಮ್ಮ ಸರ್ಕಾರದ ನಿಗಮ, ಬಾಬು ಜಗಜೀವನ್ ರಾಮ್ ಹೆಸರಲ್ಲಿರೋದು. ಈ ಷರತ್ತು ಹಾಕಿ ಅಂತ ನಾವು ಅವರಿಗೆ ಬರೆಯಬಹುದು. ಅರ್ಜಿ ಡ್ರಾಫ್ಟ್ ಮಾಡೋ ಕೆಲಸ ನನಗೆ ಬಿಡಿ, ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಿದ್ದೀನಿ. ಸಹಿ ಹಾಕೋರು, ಅಥಣಿ-ನಿಪ್ಪಾಣಿ ಕಡೆಯ ಹೊಲಿಯೋ ಮನೆಗಳ ಪರಿಚಯ ಇರೋರು ಕಾಮೆಂಟಿನಲ್ಲಿ ತಿಳಿಸಿ. ಅವರನ್ನ ಕೇಳದೆ ಅವರ ಪರವಾಗಿ ಬರೆಯೋದು ಬೇಡ.

ಇನ್ನೊಂದು, ಇದು ನಮ್ಮೊಳಗಿನ ಮಾತು. ನಮ್ಮ ಸಮಾವೇಶದ ಪೋಸ್ಟರುಗಳಿಗೆ, ಬೀದಿ ನಾಟಕಕ್ಕೆ, ನಿರೂಪಣೆಗೆ ನಾವು ಯಾರನ್ನ ಮುಂದೆ ನಿಲ್ಲಿಸ್ತೀವಿ, ಯಾರನ್ನ ಕುರ್ಚಿ ಹಾಕೋಕೆ, ಅಡುಗೆಗೆ ಕಳಿಸ್ತೀವಿ ಅಂತಾನೂ ಒಮ್ಮೆ ಎಣಿಸೋಣ. ನಾನು ಹೋದ ವಾರ ನಮ್ಮ ಸಂಘದ ಹಳೇ ಫೋಟೋಗಳಲ್ಲಿ ಎಣಿಸಿದೆ. ಮೈಕ್ ಮುಂದೆ ಹೆಣ್ಮಕ್ಕಳು ಕಡಿಮೆ. ಇದ್ದವರೂ ಬೆಳ್ಳಗಿದ್ದವರೇ ಹೆಚ್ಚು. ನಾನೂ ಆ ಆಯ್ಕೆಗಳಲ್ಲಿ ಇದ್ದವನೇ.

ಮಗಳು ಮುಂದಿನ ಫೆಸ್ಟಿಗೆ ಮತ್ತೆ ಹೆಸರು ಕೊಡ್ತೀನಿ ಅಂದಿದ್ದಾಳೆ. ಏನು ಹಾಕ್ಕೋತೀಯವ್ವಾ ಅಂದೆ. ಸೀರೆ ಅಂದಳು. ಕಾಲಿಗೆ ಮುತ್ಯಾನ ಚಪ್ಪಲಿ ಅಂದಳು. ಅಪ್ಪ ಕೊನೆಗೆ ಹೊಲಿದ ಜೋಡು ಮನೇಲಿ ಗೂಡಿನಲ್ಲಿದೆ, ತೊಗಲು ಬಿರುಸಾಗಿದೆ. ಎಣ್ಣೆ ಹಚ್ಚಿ ಇಟ್ಟಿದ್ದೀನಿ. ಅವಳ ಕಾಲಿಗೆ ಅರ್ಧ ಬೆರಳು ದೊಡ್ಡದು, ಪರವಾಗಿಲ್ಲ ಅಂತಾಳೆ.

ಜೈ ಭೀಮ್.